ಒಟ್ಟೆವ್ವನ ಉಡಿ

ಪಂಚಮಿಯ ದಿನವಿಡೀ ಕೆಲ್ಲಿವಿಲ್‌ನಲ್ಲಿ ಮಳೆ. ಆಗಸ್ಟ್ ತಿಂಗಳ ಚಳಿಮಳೆ. ಸಂಜೆ ಐದೂವರೆಗೇ ಕತ್ತಲಾಗಿ, ಹಿತ್ತಲಲ್ಲಿ ಹಾಕಿಸಿದ್ದ ಬಿಳಿ ಡೇರೆ ನೀರು ತುಂಬಿ ಜೋತುಬಿದ್ದಿತ್ತು. ಮೆಹೆಂದಿಗೆ ಬರಬೇಕಾದವರೆಲ್ಲ ಒಬ್ಬೊಬ್ಬರಾಗಿ ಫೋನ್ ಮಾಡಿ ಬರಲಾಗುವುದಿಲ್ಲವೆಂದರು. ಮದುಮಗಳ ಅಪ್ಪ ಹೂವಿನವರನ್ನು ಕಾಣಲು ಬ್ಲ್ಯಾಕ್‌ಟೌನ್‌ಗೆ ಹೋಗಿದ್ದರು. ಮನೆಯಲ್ಲಿ ಉಳಿದವರು ಮದುಮಗಳು ಪ್ರಾರ್ಥನಾ, ತಾಯಿ ಜಯಾ, ತಮ್ಮ ಸುಧನ್ವ, ಮತ್ತು ಹಿಂದಿನ ದಿನ ಮೆಲ್ಬರ್ನ್‌ನಿಂದ ಬಂದಿಳಿದಿದ್ದ ಜಲಜಜ್ಜಿ.

ಜಲಜಜ್ಜಿ ಎಂದರೆ ಜಯಾಳ ಚಿಕ್ಕಮ್ಮ. ಮೆಲ್ಬರ್ನಿನ ಕನ್ನಡ ಮದುವೆಗಳಲ್ಲಿ ಮೊಗ್ಗಿನ ಜಡೆ ಹಾಕುವುದಿದ್ದರೆ ಅವರನ್ನೇ ಕರೆಯಬೇಕು. ಧಾರವಾಡ ಬಿಟ್ಟು ಮೂವತ್ತು ವರ್ಷವಾಗಿದ್ದರೂ ಅವರ ಮಾತು ಇನ್ನೂ ಅಲ್ಲಿಂದ ಹೊರಟೇ ಇರಲಿಲ್ಲ. ನಾಳಿದ್ದಿನ ಮದುವೆಗೆ ತಲೆ ಕಟ್ಟಿ ನೋಡೋಣವೆಂದು ಅವರು ಸೋಫಾದ ಮೇಲೆ ಕೂತಿದ್ದರು. ಅವರ ಮೊಣಕಾಲುಗಳ ನಡುವೆ ನೆಲದ ಮೇಲೆ ಕೂತಿದ್ದ ಪ್ರಾರ್ಥನಾಳಿಗೆ ಕತ್ತು ಹೊರಳಿಸಲೂ ಅಪ್ಪಣೆಯಿರಲಿಲ್ಲ.

ಟಿವಿಯಲ್ಲಿ ಸುಧನ್ವ ಯುರೋಪಿನ ರಾಜಮನೆತನಗಳ ಮದುವೆಯ ವಿಡಿಯೋ ಹಾಕಿದ್ದ. ಒಬ್ಬಳಾದ ಮೇಲೆ ಒಬ್ಬಳು ರಾಜಕುಮಾರಿ, ತಲೆಯ ಮೇಲೆ ವಜ್ರದ ಕಿರೀಟ.

"ನೋಡಿ ಅಜ್ಜಿ, ಒಂದೇ ಟಿಯಾರಾ. ಅತ್ತೆ ಹಾಕ್ಕೊಂಡಿದ್ದನ್ನೇ ಸೊಸೆ, ಆಮೇಲೆ ಮೊಮ್ಮಗಳು. ಮದುವೆ ಮುಗಿದ್ರೆ ವಾಪಸ್ ಲಾಕರ್‌ಗೆ. ಫುಲ್ ರೀಸೈಕ್ಲಿಂಗ್!"

"ಅದನ್ನ ತಲಿ ಮ್ಯಾಲೆ ಹೆಂಗ ನಿಲ್ಲಸತಾರ ಅಂತ ಹೇಳಿದನೇನು ಆ ವಿಡಿಯೋದವ?" ಎಂದರು ಅಜ್ಜಿ. "ಪಿನ್ನಿಗೆ ನಿಲ್ಲೂದಿಲ್ಲ. ಒಳಗ ಸಣ್ಣ ಜಡಿ ಹೆಣದು, ಸೂಜಿದಾರ ತಗೊಂಡು ಅದಕ್ಕ ಹೊಲೀಬೇಕು."

ಅಂಥದ್ದೇ ಒಂದು ಹಳೆಯ ಕಿರೀಟವನ್ನು ಪ್ರಾರ್ಥನಾ ರಿಸೆಪ್ಷನ್ನಿಗೆಂದು ಮೆಲ್ಬರ್ನಿನ ಅಂಗಡಿಯೊಂದರಲ್ಲಿ ಆನ್‌ಲೈನ್‌ನಲ್ಲಿ ಬಾಡಿಗೆಗೆ ಬುಕ್ ಮಾಡಿದ್ದಳು. ತಂದುಕೊಟ್ಟವರು ಅಜ್ಜಿಯೇ. ಅದರ ಪೆಟ್ಟಿಗೆ ಟೀಪಾಯಿಯ ಮೇಲೆ, ಶೇಂಗಾ ಉಂಡಿಯ ತಟ್ಟೆಯ ಪಕ್ಕದಲ್ಲಿತ್ತು.

"ಅಜ್ಜಿ, ಉಡಿ ತುಂಬೋದು ಮಾತ್ರ ಬೇಡ, ಲಿಸ್ಟ್‌ನಿಂದ ತೆಗೆದಿದೀನಿ," ಎಂದಳು ಪ್ರಾರ್ಥನಾ. "ರಿಸೆಪ್ಷನ್ ಮುಗಿದ ತಕ್ಷಣ ನಾನು, ತೇಜಸ್ ಏರ್‌ಪೋರ್ಟ್‌ಗೆ ಹೋಗ್ಬೇಕು. ಗೌನ್ ಮೇಲೆ ಅಕ್ಕಿ, ಕೊಬ್ಬರಿ ಎಲ್ಲ ಹೇಗೆ ಹಿಡ್ಕೊಳ್ಳಲಿ?"

ಕೂದಲಲ್ಲಿದ್ದ ಬೆರಳುಗಳು ನಿಂತವು. ಅಜ್ಜಿ ಟಿವಿ ಆರಿಸಲು ಹೇಳಿದರು. ಮಳೆಯ ಸದ್ದೊಂದೇ ಉಳಿಯಿತು.

"ಗಪ್ಪ ಕೂಡು. ತಲಿ ಅಲ್ಲಾಡಸಬ್ಯಾಡ. ಹೆಣಕೋತ ಒಂದು ಸಂಗತಿ ಹೇಳ್ತೀನಿ. ಕೇಳಿದ ಮ್ಯಾಲೂ ಉಡಿ ಬ್ಯಾಡ ಅಂದ್ರ ನಿನ್ನ ಮರ್ಜಿ ಯವ್ವಾ.

"ಹತ್ತು ವರ್ಷದ ಹಿಂದಿನ ಮಾತು. ಗ್ಲೆನ್ ವೇವರ್ಲಿಯೊಳಗ ನಮ್ಮ ಬಾಜೂ ಮನಿ ಬ್ರಿಜಿಟ್, ಮಂಗಳೂರು ಕಡೆ ಕ್ರಿಶ್ಚನ್ನರು, ಬಂಗಾರದಂಥ ಮಂದಿ. ಆಕಿ ಮಗಳು ಆಶ್ಲಿನ್‌ದು ಲಗ್ನ. ಹಿಂದಿನ ದಿನ ರೋಸ್ ಅಂತ ಮಾಡ್ತಾರ ಅವರು, ತೆಂಗಿನ ಹಾಲು ಹಚ್ಚಿ ಎರೀತಾರ, ನಮ್ಮಲ್ಲಿ ಅರಿಷಿಣ ಹಚ್ಚೂದಿಲ್ಲೇನು, ಹಂಗ. ಮರುದಿನ ಹತ್ತಕ್ಕ ಚರ್ಚಿನಾಗ ಲಗ್ನ. ಆ ಹುಡುಗಿಗೂ ನಿನ್ನಂಗ ಹುಚ್ಚು… ರಾಜರ ಮನಿ ಕಿರೀಟನ ಬೇಕು. ಸಿಟಿಯೊಳಗ ಹಳೇ ದಾಗೀನ ಬಾಡಿಗಿ ಕೊಡೋ ಅಂಗಡಿಯಿಂದ ತಂದಿದ್ದಳು. ಹರಳೆಲ್ಲಾ ಗಾಜು. ಖರೇ ವಜ್ರ ಒಂದೊಂದ ಕಿತ್ತು ಮಾರಿಕೊಂಡು ಉಂಡಿದ್ದರಂತ ಆ ರಾಜರ ಮೊಮ್ಮಕ್ಕಳು. ಆದರ ಬೆಳ್ಳಿ ಚೌಕಟ್ಟು ಹಳೇದು. ಅದರ ತಳಕ್ಕ ಸುತ್ತಿದ ಮಖಮಲ್ಲೂ ಹಳೇದು.

"ಹುಡುಗಿ ಕನ್ನಡಿ ಮುಂದ ಕುಂತಾಳ, ನಾ ಹಿಂದ ನಿಂತೀನಿ. ನೆತ್ತಿ ಮ್ಯಾಲಿನ ಕೂದಲಾ ಮೂರು ಪಾಲು ಮಾಡಿ ಹೆಣ್ಯಾಕ ಹಿಡದೆ. ಎಡಕ್ಕ, ಬಲಕ್ಕ, ನಡುವ… ಎಡಕ್ಕ, ಬಲಕ್ಕ, ನಡುವ… ಮತ್ತೊಂದು. ಎಲ್ಲಿಂದ ಬಂತಿದು? ಬಿಚ್ಚಿ ನೋಡಿದೆ, ಮೂರ ಇದ್ದವು. ಮತ್ತ ಹೆಣದೆ, ಮತ್ತ ನಾಕು. ಕಣ್ಣು ಮುಚ್ಚಿ ಹೆಣದರೂ ತಪ್ಪದ ಕೈ ಇದು, ಅದಕ್ಕ ಏನು ಬಂತು ಅಂತ ಬಗ್ಗಿ ನೋಡಿದೆ. ಗೋವಿನಜೋಳದ ತೆನಿಗೆ ಕೂದಲಿರತದಲ್ಲ, ಆ ಬಣ್ಣದ ಎಳಿ. ಆಶ್ಲಿನ್ ಕೂದಲರ ಕಾಡಿಗಿ ಕಪ್ಪು! ಮುಟ್ಟಿದರ ತಣ್ಣಗ… ಈಗ ಎರಕೊಂಡು ಬಂದವರ ಕೂದಲದಂಗ."

ಪ್ರಾರ್ಥನಾಳ ನೆತ್ತಿಯ ಮೇಲೆ ಅಜ್ಜಿಯ ಬೆರಳುಗಳು ಬೆಚ್ಚಗೆ ಓಡಾಡುತ್ತಿದ್ದವು. ಎಡಕ್ಕೆ, ಬಲಕ್ಕೆ, ನಡುವೆ. ಅವಳು ತನಗರಿವಿಲ್ಲದೆ ಎಣಿಸತೊಡಗಿದಳು. ಮೂರೇ ಇದ್ದವು, ಸಮಾಧಾನವಾಯಿತು.

"ಕನ್ನಡ್ಯಾಗ ನೋಡಿದೆ. ಹುಡುಗಿ, ಆಕಿ ಹಿಂದ ನಾನು. ನಡುವ ಯಾರೂ ಇಲ್ಲ. ಆದರ ಆಶ್ಲಿನ್ ಹೆಗಲ ಮ್ಯಾಲೆ ಬಿಳೀ ಪರದೆ ಎರಡಿದ್ದವು… ಒಂದು ಹೊಸಾದು, ಒಂದು ಕಂದಿದ್ದು. ನನ್ನ ಕಣ್ಣಿನ ಪೊರಿ ಅಂದುಕೊಂಡೆ. ಕಿರೀಟ ಹೊಲದು ದಾರ ಕಡದೆ. ಹೊರಗ ಬ್ರಿಜಿಟ್ ಒದರಾಕತ್ತಿದ್ದಳು, 'ಎಂತ ಜಲಜಾ ಆಂಟಿ, ಇನ್ನೂ ಆಗ್ಲಿಲ್ವಾ ಮಾರಾಯ್ರೆ, ಫಾದರ್ ಕಾಯ್ತಿದ್ದಾರೆ!' ಅಂತ. ಏಳವಾ ಅಂದೆ. ಹುಡುಗಿ ಏಳವಲ್ಲದು. 'ಆಂಟಿ, ಯಾರೋ ಹಿಂದಿನಿಂದ ಹಿಡ್ಕೊಂಡಿದ್ದಾರೆ' ಅಂದಳು. ಅವರಪ್ಪ ರೊನಾಲ್ಡ್ ಬಂದ, ಅಂಥಾ ಆಳು, ಎರಡೂ ಕೈ ಹಿಡದು ಎಬ್ಬಿಸಿದ, ಕುರ್ಚಿ ಮಿಸುಕಲಿಲ್ಲ. ಹೊಲಿಗಿ ಕಡ್ಯಾಕ ಹೋದರ ಕತ್ತರಿ ಕಚ್ಚವಲ್ಲದು, ನಾನ ಪೋಣಿಸಿದ ಹತ್ತಿ ದಾರ ಅದು! ಹುಡುಗಿ ತುಟಿ ನೀಲಿಗಟ್ಟಾಕತ್ತಿದ್ದವು.

"ಎದಿ ಡವಡವ ಅಂತಿತ್ತು ನಂದು, ಸುಳ್ಳ್ಯಾಕ ಹೇಳಲಿ. ಆದರ ಒಂದು ವಿಚಾರ ಬಂತು. ಗಂಡನ ಮನಿಗೆ ಹೊಂಟವಳನ್ನ ಹಿಂದಿನಿಂದ ಹಿಡಿಯೋರು ಯಾರು? ಹೋಗಲಾರದ ಉಳದವಳಲ್ಲೇನು? ಯಾರೂ ಕಳಸದ ಬಿಟ್ಟವಳಲ್ಲೇನು? ಲಗ್ನಕ್ಕ ಹೋಗುವಾಗ ನನ್ನ ಚೀಲದಾಗ ಉಡಿ ಸಾಮಾನು ಇರತಾವು. ನಾ ತಲಿ ಕಟ್ಟಿದ ಹುಡುಗಿ ಬರೇ ಉಡಿಲೆ ಹೋಗಬಾರದು ಅಂತ ನನ್ನದೊಂದು ಹಟ. ಕುರ್ಚಿ ಹಿಂದ ನಿಂತು, ಏನೂ ಇಲ್ಲದಲ್ಲೆ ಕುಂಕುಮ ಹಚ್ಚಿದೆ. ಅಕ್ಕಿ ಬೊಗಸಿ ತುಂಬಿ, 'ತಂಗೀ, ನೀನೂ ನಮ್ಮನಿ ಮಗಳು, ಉಡಿ ಒಡ್ಡು' ಅಂದು ಸುರುವಿದೆ. ಐದು ಬೊಗಸಿ. ಕೊಬ್ಬರಿ ಬಟ್ಟಲ, ಅರಿಷಿಣ ಬೇರು, ಒಂದು ಖಣ. ಕೆಳಗ ಟೈಲ್ಸಿನ ನೆಲ… ಅಕ್ಕಿ ಬಿದ್ದರ ಎಷ್ಟು ಸಪ್ಪಳ ಆಗಬೇಕು? ಒಂದ ಕಾಳರ ನೆಲಾ ಮುಟ್ಟಿದ್ದರ ಕೇಳು!

"'ಹೋಗಿ ಬಾ ಯವ್ವಾ' ಅಂದೆ. ಆಶ್ಲಿನ್ ಎದ್ದು ನಿಂತಳು."

"ಅಜ್ಜಿ, ಸೀರಿಯಸ್ಲಿ?" ಎಂದ ಸುಧನ್ವ. ನಗಲು ನೋಡಿದ, ನಗು ಅರ್ಧಕ್ಕೇ ನಿಂತಿತು.

"ಸೀರೆಸ್ಸೂ ಇಲ್ಲ, ಸೀರಿನೂ ಇಲ್ಲ, ಸುಮ್ಮನ ಕೇಳು. ಮರುದಿನ ಕಿರೀಟ ಕೊಡಾಕ ಹೋದಾಗ ಆ ಅಂಗಡಿಯಾಕಿನ್ನ ಹಿಡದು ಕೇಳಿದೆ. ಒಯ್ದವರೆಲ್ಲಾ ಇದನ್ನ ತೊಡದ ವಾಪಸ್ ತರತಾರ, ಯಾಕೋ ಗೊತ್ತಿಲ್ಲ ಅಂದಳು. ನೂರಾ ಐವತ್ತು ವರ್ಷದ ಹಿಂದಿಂದಂತ ಅದು. ಯುರೋಪಿನಾಗ ಸಣ್ಣದೊಂದು ಸಂಸ್ಥಾನ, ಈಗ ನಕಾಶದಾಗ ಹುಡುಕಿದರೂ ಸಿಗೂದಿಲ್ಲ. ಒಟ್ಟೀಲಿಯಾ ಅಂತ ರಾಜನ ಮಗಳು. ನನ್ನ ಬಾಯಿಗೆ ಅದೆಲ್ಲಿ ಹೊಳ್ಳಬೇಕು, ಒಟ್ಟೆವ್ವ ಅಂತೀನಿ. ಗಂಡಿನ ಮನಿಯವರು ಕಿರೀಟ ಕಳಿಸಿದ್ದರು. ಲಗ್ನದ ಮುಂಜಾನೆ ಅದನ್ನ ತಲಿಗೆ ಹೊಲ್ಯಾಕತ್ತಾಗ ತಲಿ ಭಾರ ಅಂತ ಅಂದಳಂತ, ಮೇಜಿನ ಮ್ಯಾಲೆ ಹಣಿ ಇಟ್ಟಳಂತ… ಅಷ್ಟ. ಮತ್ತ ಏಳಲಿಲ್ಲ.

"ಮುಂದಿಂದು ಕೇಳ್ರಿ. ಅಪ್ಪನ ಮನಿಯವರು ಅಂದರು, ಕೊಟ್ಟ ಹೆಣ್ಣು ಕುಲಕ್ಕ ಹೊರಗ, ನಮ್ಮ ಗೋರಿಯೊಳಗ ಜಾಗಾ ಇಲ್ಲ ಅಂತ. ಗಂಡಿನವರು ಅಂದರು, ಲಗ್ನನ ಆಗಿಲ್ಲ, ನಮಗೇನು ಸಂಬಂಧ, ನಮ್ಮ ದಾಗೀನ ಕೊಡ್ರಿ ಅಂತ. ಹೆಣದ ತಲಿಯಿಂದ ಕಿರೀಟ ಬರವಲ್ಲದು. ಕೂದಲಾ ಸಮೇತ ಕತ್ತರಿಸಿಕೊಂಡು ಹೋದರಂತ ಕಡುಪಾಪಿಗಳು! ಆ ಹುಡುಗೀನ್ನ ಎರಡೂ ಮನೆತನದ ಬೇಲಿ ಹೊರಗ ಮಣ್ಣು ಮಾಡಿದರಂತ. ತವರೂ ಇಲ್ಲ, ಅತ್ತಿಮನಿನೂ ಇಲ್ಲ. ಕೇಳಿದ ಮ್ಯಾಲೆ ನನ್ನ ಅಂಜಿಕಿ ಎಲ್ಲಿ ಹೋತೋ… ಅಂಗಡ್ಯಾಗ ನಿಂತು ಅತ್ತೆ ನಾನು.

"ಆದರ ನಾ ಮಾಡಿದ್ದೇನು, ತಿಳೀತಿಲ್ಲೋ? ಉಡಿ ತುಂಬಿ ಮಗಳು ಅಂದೆ. ಮಗಳಾದಾಕಿ ಪಂಚಮಿಗೆ ಎಲ್ಲಿಗೆ ಬರಬೇಕು, ತವರಿಗಲ್ಲೇನು? ಆ ವರ್ಷ ಪಂಚಮಿ ದಿನ, ಗಾಳಿ ಇಲ್ಲ ಏನಿಲ್ಲ, ನಮ್ಮ ಹಿತ್ತಲಾಗ ಮೊಮ್ಮಕ್ಕಳ ಜೋಕಾಲಿ ಜೀಕಾಕತ್ತು. ಎರಡು ಉಂಡಿ ಒಂದು ತಾಟಿನಾಗ ಇಟ್ಟು ಬಂದೆ. ಸಂಜೀಕ ತಾಟು ಬರೇದಿತ್ತು. ವರ್ಷಾ ಬರತಾಳ. ಒಂದು ವರ್ಷ ನಾ ದವಾಖಾನ್ಯಾಗಿದ್ದೆ, ಉಂಡಿ ಇಡಾಕಾಗಲಿಲ್ಲ. ಆ ವರ್ಷ ನಾ ತಲಿ ಕಟ್ಟಿದ ಮೂರು ಹುಡುಗ್ಯಾರು ಕುಂತಲ್ಲೇ ಏಳಲಾರದ ಒದ್ದಾಡಿದರು. ಉಡಿ ತುಂಬಿದ ಮ್ಯಾಲೇ ಎದ್ದರು."

ಪ್ರಾರ್ಥನಾ ಟೀಪಾಯಿಯ ಮೇಲಿನ ಪೆಟ್ಟಿಗೆಯತ್ತ ನೋಡಿದಳು. "ಆ ಟಿಯಾರಾ… ಈಗ ಎಲ್ಲಿದೆ ಅಜ್ಜಿ?"

"ನೀ ಬುಕ್ ಮಾಡಿದ್ದು ಯಾವುದು ಅಂತ ಅಂಗಡಿಗೆ ಹೋದ ಮ್ಯಾಲೇ ನನಗ ಗೊತ್ತಾತು. ಬ್ಯಾಡ ಅಂತ ಬಿಟ್ಟು ಬರತಿದ್ದೆ. ಆದರ ಪಂಚಮಿ ನೋಡು… ಕರ್ಕೊಂಡು ಬರಾಕ ಆಕಿಗೆ ಅಣ್ಣ ಅದಾನೋ, ತಮ್ಮ ಅದಾನೋ?"

ಜಯಾ ಚಹಾ ತಂದು ಹಿಡಿದಳು. ಅಜ್ಜಿ ಮುಂದಕ್ಕೆ ಬಾಗಿ, ಪ್ರಾರ್ಥನಾಳ ಹೆಗಲ ಮೇಲಿನಿಂದ ಕೈ ಚಾಚಿ ಕಪ್ಪು ತೆಗೆದುಕೊಂಡರು. ಎರಡೂ ಕೈಯಲ್ಲಿ ಹಿಡಿದು ಊದಿದರು. ಅರಿಷಿಣ ಹತ್ತಿದ್ದ ಆ ಹತ್ತು ಬೆರಳುಗಳೂ ಪ್ರಾರ್ಥನಾಳ ಕಣ್ಣ ಮುಂದೆಯೇ ಇದ್ದವು.

ಹಿಂದೆ, ಅವಳ ಜಡೆ ಒಂದು ಸುತ್ತು ಬಿಗಿಯಾಯಿತು. ಎಡಕ್ಕೆ, ಬಲಕ್ಕೆ, ನಡುವೆ… ಮತ್ತೊಂದು. ಕುತ್ತಿಗೆಗೆ ತಣ್ಣಗೆ ಏನೋ ತಾಗಿತು. ಅವಳು ಏಳಲು ನೋಡಿದಳು. ಏಳಲಾಗಲಿಲ್ಲ.

"ಅಮ್ಮಾ!" ಎಂದಳು. "ಅಮ್ಮಾ, ಏಳಕ್ಕಾಗ್ತಿಲ್ಲ ನಂಗೆ! ಉಡಿ… ತುಂಬಮ್ಮಾ, ಬೇಗ ತುಂಬು!"

"ಅಕ್ಕಿ ತಾ ಜಯಾ," ಎಂದರು ಅಜ್ಜಿ, ಕಪ್ಪು ಕೆಳಗಿಡದೆ. "ಕೊಬ್ಬರಿ ಬಟ್ಟಲ ಎರಡು ತಗಿ. ಇಬ್ಬರು ಹುಡುಗ್ಯಾರದಾರ. ಮೊದಲ ಆಕೀದು. ಮಗಳು ಅಂತ ಬಾಯಿತುಂಬ ಅನ್ನು."

ಜಯಾ ಅಡುಗೆಮನೆಗೆ ಓಡಿಹೋಗಿ ಎಲ್ಲ ತಂದಳು. ಮಗಳ ಬೆನ್ನ ಹಿಂದೆ, ಬರೀ ಗಾಳಿಗೆ ಕುಂಕುಮ ಹಚ್ಚಿದಳು. "ನೀನೂ ನಮ್ಮ ಮನೆ ಮಗಳಮ್ಮಾ," ಎಂದು ಅಕ್ಕಿ ಸುರಿದಳು. ಒಂದು ಬೊಗಸೆ. ಎರಡು. ಐದು. ಮರದ ನೆಲದ ಮೇಲೆ ಕಾಳು ಬಿದ್ದ ಸದ್ದು ಕೇಳಲು ಎಲ್ಲರೂ ಕಿವಿಗೊಟ್ಟರು. ಮಳೆಯ ಸದ್ದು ಬಿಟ್ಟರೆ ಬೇರೇನೂ ಕೇಳಲಿಲ್ಲ.

ಪ್ರಾರ್ಥನಾಳ ತಲೆ ಹಗುರಾಯಿತು. ಅವಳು ಎದ್ದು ತಾಯಿಯನ್ನು ತಬ್ಬಿಕೊಂಡು ಅತ್ತಳು. ಜಯಾ ಅವಳನ್ನು ಬಿಡದೆ, ಉಳಿದ ಅಕ್ಕಿಯನ್ನು ಅವಳ ದುಪಟ್ಟಾಕ್ಕೆ ತುಂಬಿದಳು. ಅವಳ ಕಣ್ಣೂ ಹನಿಗೂಡಿತ್ತು.

ಅಜ್ಜಿ ಚಹಾ ಮುಗಿಸಿ, ಸೆರಗಿನಿಂದ ಬಾಯಿ ಒರೆಸಿಕೊಂಡರು. ಅವರ ಮುಖದಲ್ಲಿ ದೊಡ್ಡ ಹೊರೆ ಇಳಿಸಿದವರ ಸಮಾಧಾನವಿತ್ತು.

"ನನಗ ಎಪ್ಪತ್ತಾರು ಆದವು. ನಾ ಸತ್ತರ ಆಕಿಗೆ ಯಾರು ಅಂತ ಎದಿ ಸುಡತಿತ್ತು. ಇನ್ನ ಚಿಂತಿಲ್ಲ… ಉಡಿ ತುಂಬಿದವರದ ತವರು. ಈಗ ಆಕಿ ನಿನ್ನ ಮಗಳು, ಜಯಾ. ವರ್ಷಾ ಪಂಚಮಿಗೆ ಇಲ್ಲಿಗೇ ಬರತಾಳ. ಮರೀಬ್ಯಾಡ್ರಿ. ಮರತರ ಆಕಿ ಸುಮ್ಮನ ಕೂಡೂದಿಲ್ಲ, ಮನ್ಯಾಗಿನ ಹುಡುಗ್ಯಾರನ್ನ ಹಿಡಕೋತಾಳ."

ಸುಧನ್ವ ಕಿಟಕಿಯತ್ತ ಕೈ ತೋರಿಸಿದ. ಹಿತ್ತಲಲ್ಲಿ ಅವನ ಚಿಕ್ಕಂದಿನ ಜೋಕಾಲಿ, ಮಳೆಯಲ್ಲಿ, ಮುಂದಕ್ಕೂ ಹಿಂದಕ್ಕೂ ಜೀಕುತ್ತಿತ್ತು.

"ಎರಡು ಉಂಡಿ ಹೊರಗಿಟ್ಟು ಬಾ ಹೋಗಪ್ಪಾ," ಎಂದರು ಅಜ್ಜಿ. "ಅಕ್ಕ ಬಂದಾಳ."