ಗೇಣುದ್ದದ ಹಾಸು

ಶ್ರೀಮಂತನೊಬ್ಬನಿದ್ದ. ಊರು ಯಾವುದೆಂದು ಕೇಳಬೇಡಿ, ನಿಮ್ಮ ಊರೇ ಎಂದುಕೊಳ್ಳಿ. ಅವನಲ್ಲಿ ಸೀರೆ ನೇಯುವ ನಲವತ್ತು ಮಗ್ಗಗಳಿದ್ದವು. ನಲವತ್ತು ಮನೆಗಳ ಒಲೆ ಅವುಗಳಿಂದಲೇ ಉರಿಯುತ್ತಿತ್ತು.

ಮಗ್ಗಕ್ಕೆ ಒಂದು ಪದ್ಧತಿ ಇದೆ, ನೋಡಿ. ಉದ್ದಕ್ಕೆ ಎಳೆದ ನೂಲಿಗೆ ಹಾಸು ಎನ್ನುತ್ತಾರೆ. ಅದು ಮುಗಿಯುವ ಮೊದಲು ಗೇಣುದ್ದ ಉಳಿಸಿ, ಅದರ ಒಂದೊಂದು ಎಳೆಗೂ ಹೊಸ ಹಾಸಿನ ಎಳೆಯನ್ನು ಗಂಟು ಹಾಕುತ್ತಾರೆ. ಆ ಗೇಣು ಹೋಯಿತೋ, ಸಾವಿರಾರು ಎಳೆಗಳನ್ನು ಮೊದಲಿನಿಂದ ಪೋಣಿಸಬೇಕು. ಅದು ದಿನಗಟ್ಟಲೆ ಹಿಡಿಯುವ ಕೆಲಸ.

ಆ ವರ್ಷ ವ್ಯಾಪಾರ ಇಳಿಯಿತು. ಸುಳ್ಳಲ್ಲ, ನಿಜವಾಗಿಯೂ ಇಳಿಯಿತು. ಹತ್ತು ಸೀರೆ ಹೋಗುವಲ್ಲಿ ಏಳು ಹೋದವು. ಶ್ರೀಮಂತ ಬೆಳಗ್ಗೆ ಟಿವಿ ಹಾಕಿದ: ಮಾರುಕಟ್ಟೆ ಕುಸಿತ. ಮಧ್ಯಾಹ್ನ ಹಾಕಿದ: ಮಹಾಕುಸಿತ. ಸಂಜೆ ಅದೇ ಟಿವಿಯಲ್ಲಿ ನಾಲ್ಕು ಜನ ಕುಳಿತು ಒಟ್ಟಿಗೇ ಕೂಗಾಡುತ್ತಿದ್ದರು. ಅವನಿಗೆ ಊಟ ಸೇರಲಿಲ್ಲ. ಮರುದಿನ ಕತ್ತರಿ ಹಿಡಿದು ಬಂದ.

"ಹಾಸು ಕತ್ತರಿಸಿ ಮಗ್ಗ ಮೂಲಿಗಿಡ್ರಿ. ಇನ್ನ ಸೀರಿ ಯಾರೂ ಉಡೂದಿಲ್ಲ."

ನೇಯುವ ಮುದುಕಿಯೊಬ್ಬಳು ಕೇಳಿದಳು: "ಯಾರೂ ಉಡೂದಿಲ್ಲಂದ್ರ ಹ್ವಾದ ವಾರ ಹತ್ತರಾಗ ಏಳು ಸೀರಿ ಯಾರು ಒಯ್ದರ್ರಿ, ಧಣ್ಯಾರ? ನನ್ನ ಮಗ್ಗದಾಗ ಗೇಣು ಹಾಸು ಇರ್ಲಿ ಬಿಡ್ರಿ."

ಮುದುಕಿಯ ಹಟ ಎಂದು ಬಿಟ್ಟ. ಉಳಿದ ಮೂವತ್ತೊಂಬತ್ತನ್ನೂ ಕತ್ತರಿಸಿದ. ಆ ಮೂವತ್ತೊಂಬತ್ತು ಮನೆಗಳವರು ಕಲ್ಲುಗಣಿಯ ಕೂಲಿಗೆ ಹೋದರು.

ಮೂರು ತಿಂಗಳಿಗೆ ಮದುವೆಯ ಕಾಲ ಬಂತು. ಮಾರುಕಟ್ಟೆ ಕುಸಿಯಿತೆಂದು ಯಾರಾದರೂ ಮದುವೆ ಬಿಡುತ್ತಾರೆಯೇ? ವ್ಯಾಪಾರಿ ಬಂದು, ಹದಿನೈದು ದಿನದಲ್ಲಿ ನೂರು ಸೀರೆ ಬೇಕೆಂದ. ಓಡುತ್ತಿದ್ದುದು ಮುದುಕಿಯ ಮಗ್ಗ ಒಂದೇ. ಉಳಿದವಕ್ಕೆ ಮೊದಲಿನಿಂದ ಎಳೆ ಪೋಣಿಸಲು ದಿನಗಳೂ ಇರಲಿಲ್ಲ, ಕೈಗಳೂ ಇರಲಿಲ್ಲ. ವ್ಯಾಪಾರಿ ಪಕ್ಕದೂರಿಗೆ ಹೋದ. ಅಲ್ಲಿಯೂ ಅದೇ ಟಿವಿ ಬರುತ್ತಿತ್ತು. ಆದರೆ ಅಲ್ಲಿ ಯಾರೂ ಕತ್ತರಿ ಹಿಡಿದಿರಲಿಲ್ಲ.

ಟಿವಿಯವನು ಸುಳ್ಳು ಹೇಳಿದನೇ? ಇಲ್ಲ. ಹೋಗದ ಮೂರು ಸೀರೆಯ ಸುದ್ದಿ ಹೇಳಿದ, ಅದು ಅವನ ಕಸುಬು. ಹೋದ ಏಳನ್ನು ನೆನಪಿಡುವುದು ಧಣಿಯ ಕಸುಬಾಗಿತ್ತು.

ನೀವು ನಗುತ್ತಿದ್ದೀರಿ. ಹೋದ ತಿಂಗಳು ಸುದ್ದಿ ನೋಡಿ ಮನೆಗೆಲಸದವಳನ್ನು ಬಿಡಿಸಿದವರು ಇಲ್ಲಿ ಎಷ್ಟು ಮಂದಿ? ನಿಮ್ಮ ಸಂಬಳ ಇಳಿದಿತ್ತೇ? ಇಳಿದಿರಲಿಲ್ಲ. ಕೈ ಬಿಗಿ ಹಿಡಿಯಿರಿ, ಬೇಡವೆನ್ನುವುದಿಲ್ಲ. ಆದರೆ ದಿನಕ್ಕೊಮ್ಮೆ ಸುದ್ದಿ ನೋಡಿ ಟಿವಿ ಆರಿಸಿ, ಅಂಗಡಿಬೀದಿಯಲ್ಲಿ ಒಂದು ಸುತ್ತು ನಡೆದು ಬನ್ನಿ. ಏನನ್ನೇ ಕಡಿಮೆ ಮಾಡಿದರೂ ಗೇಣುದ್ದ ಉಳಿಸಿ. ನಾಳೆ ಬೆಳಗ್ಗೆ ಆ ಹೆಣ್ಣುಮಗಳಿಗೆ ಫೋನ್ ಮಾಡಿ, ವಾರಕ್ಕೆರಡು ದಿನವಾದರೂ ಬಾರಮ್ಮ ಎಂದು ಕರೆಯಿರಿ. ಅವಳ ನಂಬರನ್ನು ಇನ್ನೂ ಅಳಿಸಿಲ್ಲ ತಾನೆ?