ಗನ್ನಿನ ಗ ಅಲ್ಲ, ಗಾಳೆಮ್ಮನ ಗಾ

ಪದ್ಮಾವತಿ ಗಂಡ ರಾಜೇಶ, ವಯಸ್ಸು 45 ವರ್ಷ, ಜಾತಿ ಎಂಬ ಕಲಮಿನಲ್ಲಿ ಬೌದ್ಧ ಎಂದು ಬರೆಸಿದ್ದೇನೆ, ಉದ್ಯೋಗ ಸರ್ಕಾರಿ ಪ್ರೌಢಶಾಲೆಯಲ್ಲಿ ಕನ್ನಡ ಶಿಕ್ಷಕಿ, ಸಾಕಿನ್ ಮಸ್ಕಿ. ಇಂದು ದಿನಾಂಕ 16-11-2025, ಭಾನುವಾರ, ಸಿಂಧನೂರಿನ ಠಾಣೆಗೆ ಹಾಜರಾಗಿ, ಕೇಳಿದ್ದಕ್ಕೆ ಉತ್ತರವಾಗಿಯೂ ಕೇಳದೆ ಬಿಟ್ಟದ್ದಕ್ಕೆ ನಾನಾಗಿಯೂ ಈ ಮೂಲಕ ತಿಳಿಸುವುದೇನೆಂದರೆ,

ಹಳೆಯ ವಸ್ತುಗಳ ಹರಾಜು ನಡೆಸುವ ಸಂಗನಬಸವ ಎಂಬುವರು ನನ್ನ ಮೇಲೆ ದೂರು ಕೊಟ್ಟಿದ್ದಾರೆ. ಹರಾಜಿನಲ್ಲಿ ಗದ್ದಲ ಮಾಡಿದೆ, ವಿವರದ ಕಾರ್ಡು ಹರಿದೆ, ಮಾರಾಟಕ್ಕಿಟ್ಟ ಮೋಟಾರ್ ಸೈಕಲ್ ಹತ್ತಿ ಕುಳಿತೆ, ಇಳಿ ಎಂದರೂ ಇಳಿಯಲಿಲ್ಲ ಎಂದು ಅದರಲ್ಲಿ ಬರೆದಿದೆ. ಕಾರ್ಡು ಹರಿದದ್ದು ಇಬ್ಬರ ಎಳೆದಾಟದಲ್ಲಿ. ಉಳಿದದ್ದೆಲ್ಲ ನಿಜ. ನಾನು ಯಾಕೆ ಹಾಗೆ ಮಾಡಿದೆ ಎಂಬ ಒಂದು ಮಾತು ಮಾತ್ರ ದೂರಿನಲ್ಲಿ ಬಿಟ್ಟುಹೋಗಿದೆ. ಅದನ್ನು ನಾನೇ ತುಂಬುತ್ತೇನೆ.

ಇಂದು ಬೆಳಿಗ್ಗೆ ನಾನು ಮತ್ತು ನನ್ನ ಪತಿ ಮಸ್ಕಿಯಿಂದ ಬಸ್ಸಿನಲ್ಲಿ ಹೊರಟು ಹತ್ತೂವರೆಗೆ ಸಿಂಧನೂರಿನ ಕಲ್ಯಾಣ ಮಂಟಪಕ್ಕೆ ಬಂದೆವು. ನನ್ನ ಪತಿ ಬ್ಯಾಂಕಿನಲ್ಲಿ ಕ್ಯಾಷಿಯರ್. ವಾಲ್ವ್ ರೇಡಿಯೋ ಕಂಡರೆ ಊಟ ಬಿಟ್ಟು ನಿಲ್ಲುವವರು. ಹರಾಜಿಗೆ ಅಂಥದೊಂದು ಬಂದಿದೆ ಎಂದು ಯಾರೋ ಹೇಳಿದ್ದರಿಂದ ಬಂದಿದ್ದೆವೇ ಹೊರತು ಜಗಳಕ್ಕೆ ಬಂದವರಲ್ಲ. ಮಂಟಪದಲ್ಲಿ ಹಿತ್ತಾಳೆಯ ಹಂಡೆ, ಗೋಡೆ ಗಡಿಯಾರ, ಕೆತ್ತನೆಯ ಬಾಗಿಲು, ತೂಗುಮಂಚ ಇತ್ಯಾದಿ ಇಟ್ಟಿದ್ದರು. ವೇದಿಕೆಯ ಎಡಕ್ಕೆ ಹೊಸದಾಗಿ ಸಜ್ಜು ಮಾಡಿದ ಹಳೆಯ ಮೋಟಾರ್ ಸೈಕಲ್‌ಗಳು ನಿಂತಿದ್ದವು. ಎರಡು ಬುಲೆಟ್, ಒಂದು ರಾಜದೂತ್, ಕೊನೆಗೆ ಒಂದು ಕೆಂಪು ಯೆಜ್ಡಿ.

ಯೆಜ್ಡಿಯನ್ನು ನಾನು ಬಣ್ಣದಿಂದ ಗುರುತಿಸಲಿಲ್ಲ. ನಮ್ಮ ಮನೆಯಲ್ಲಿದ್ದಾಗ ಅದು ಕಪ್ಪಗಿತ್ತು. ಗುರುತಿಸಿದ್ದು ಬಲಮಗ್ಗುಲಿನಲ್ಲಿ, ಸೀಟಿನ ಕೆಳಗಿದ್ದ ಕಬ್ಬಿಣದ ಕೊಕ್ಕೆಯಿಂದ. ಅಂಥ ಕೊಕ್ಕೆ ಬೇರಾವ ಯೆಜ್ಡಿಗೂ ಇಲ್ಲ. ಅದನ್ನು ಮಾಡಿದವರು ನನ್ನ ತಂದೆ ಬಸ್ಸಪ್ಪ. ಅವರು ಹಟ್ಟಿ ಚಿನ್ನದ ಗಣಿಯಲ್ಲಿ ನೆಲದೊಳಗೆ ಡ್ರಿಲ್ ಹಿಡಿಯುವ ಕೆಲಸದಲ್ಲಿದ್ದರು, ಈಗ ತೀರಿಕೊಂಡಿದ್ದಾರೆ. ಕೊಕ್ಕೆಗೆ ಬಳಸಿದ್ದು ಸವೆದು ಬಿಸಾಡಿದ ಡ್ರಿಲ್ ಸಲಾಕೆ. ಅದರ ಒಳಮೈಗೆ ಸೈಕಲ್ ಟ್ಯೂಬಿನ ರಬ್ಬರ್ ಹೊದಿಸಿದ್ದರು, ಯಾಕೆಂದರೆ ಅದಕ್ಕೆ ತೂಗುಹಾಕುತ್ತಿದ್ದುದು ಗಾಜಿನ ಬಾಟಲಿಗಳಿದ್ದ ಚೀಲ.

ಆ ಚೀಲ ನನ್ನ ತಾಯಿ ಗಾಳೆಮ್ಮನದು. ವಯಸ್ಸು 72. ಹಟ್ಟಿ ಸುತ್ತಲಿನ ಆನ್ವರಿ ಮುಂತಾದ ಹಳ್ಳಿಗಳಲ್ಲಿ ಸರ್ಕಾರದ ನರ್ಸಾಗಿದ್ದವರು. ಹಳ್ಳಿಗಳಿಗೆ ಬಸ್ಸು ದಿನಕ್ಕೊಂದು, ಹೆರಿಗೆ ನೋವು ಬಸ್ಸಿನ ಟೈಮು ಕೇಳಿ ಬರುವುದಿಲ್ಲ. ಆದ್ದರಿಂದ ತಂದೆ ಯೆಜ್ಡಿ ಕೊಂಡು ತಾಯಿಗೆ ಓಡಿಸಲು ಕಲಿಸಿದರು. ರಾತ್ರಿ ಪಾಳಿ ಮುಗಿಸಿ ತಂದೆ ಮನೆಗೆ ಬಂದರೆ, ತಾಯಿ ಬಿಳಿ ಸೀರೆಯ ನೆರಿಗೆ ಸೊಂಟಕ್ಕೆ ಸಿಕ್ಕಿಸಿ, ಚೀಲ ಕೊಕ್ಕೆಗೆ ಹಾಕಿ, ಅದೇ ಗಾಡಿ ಹತ್ತಿ ಹೋಗುತ್ತಿದ್ದರು. ಎಂಜಿನ್ ಆರಲು ಪುರಸತ್ತೇ ಇರುತ್ತಿರಲಿಲ್ಲ. ಗಣಿ ಕಾಲೋನಿಯ ಗಂಡಸರು ತಂದೆಗೆ, "ಬಸ್ಸಪ್ಪಾ, ಗಾಡಿ ನಿಂದೋ, ನಿನ್ನ ಹೇಣ್ತಿದೋ?" ಎಂದು ಚಾಷ್ಟಿ ಮಾಡುತ್ತಿದ್ದರು. "ಪೆಟ್ರೋಲ್ ನಂದು, ಗಾಡಿ ಆಕಿದು" ಎಂದು ತಂದೆ ಎದೆ ಸೆಟೆಸಿ ಹೇಳುತ್ತಿದ್ದರು. ನನಗೆ ಆಗ ಏಳೆಂಟು ವರ್ಷ. ರಜೆಯಲ್ಲಿ ಟ್ಯಾಂಕಿನ ಮೇಲೆ ಕುಳಿತು ನಾನೂ ಹೋಗಿದ್ದೇನೆ. ಆ ಸುತ್ತಿನಲ್ಲಿ ಮೋಟಾರ್ ಸೈಕಲ್ ಓಡಿಸುವ ಹೆಂಗಸು ನನ್ನ ತಾಯಿಯೊಬ್ಬರೇ. ನನಗದು ಆಗ ವಿಶೇಷವೆನಿಸಲಿಲ್ಲ. ಎಲ್ಲರ ಅವ್ವಂದಿರೂ ಹೀಗೇ ಎಂದುಕೊಂಡಿದ್ದೆ. ಈಗ ಹೆಮ್ಮೆಯಿದೆ, ಅದನ್ನು ಹೇಳಿಕೆಯಲ್ಲಿ ಬರೆಯಬಾರದೆಂದು ಕಾನೂನಿಲ್ಲವೆಂದು ಭಾವಿಸುತ್ತೇನೆ.

ನಾನು ಹೈಸ್ಕೂಲಿಗೆ ಬರುವ ಹೊತ್ತಿಗೆ ಆಸ್ಪತ್ರೆಗೆ ಜೀಪು ಬಂತು, ಗಾಡಿ ಮಾರಿದೆವು. ಮಾರಿದ್ದು ರಾಜಿಖುಷಿಯಿಂದ. ಆದ್ದರಿಂದ ಆ ವಾಹನದ ಮೇಲೆ ನನಗಾಗಲಿ ನನ್ನ ತಾಯಿಗಾಗಲಿ ಯಾವ ಹಕ್ಕೂ ಇಲ್ಲ, ಹಕ್ಕು ಇದೆ ಎಂದು ನಾನು ಎಲ್ಲಿಯೂ ಹೇಳಿಲ್ಲ.

ಅದನ್ನು ಸಜ್ಜು ಮಾಡಿದವರು ಸಿಂಧನೂರಿನ ಗಂಗಾವತಿ ರಸ್ತೆಯಲ್ಲಿ ಗ್ಯಾರೇಜ್ ಇಟ್ಟಿರುವ ಹುಸೇನ್‌ಸಾಬ್. ಅವರು ಗಾಡಿಯ ಪಕ್ಕದಲ್ಲೇ ಬಟ್ಟೆ ಹಿಡಿದು ನಿಂತಿದ್ದರು. ನಾನು ಕೊಕ್ಕೆ ಮುಟ್ಟಿ ನೋಡುವುದನ್ನು ಕಂಡು, "ಇದು ಕಂಪನಿ ಮಾಲಲ್ರಿ ಅಕ್ಕಾರ, ಯಾರೋ ಜೀವ ಇಟ್ಟು ಕೈಯಾಗ ಮಾಡ್ಯಾರ. ತೆಗೀ ಅಂದಿದ್ರ ನಾ ತೆಗೀತಿದ್ದಿಲ್ಲ" ಎಂಬುದಾಗಿ ಅಂದರು. ಕೊಕ್ಕೆಯ ಅಡಿಯಲ್ಲಿ ಒಂದು ಅಕ್ಷರವಿದೆಯೇ ಎಂದು ನಾನು ಕೇಳಿದೆ. ಇದೆ, ಬಣ್ಣ ಹೊಡೆದಿದ್ದೇನೆ, ಉಜ್ಜಿಲ್ಲ ಎಂದು ಹೇಳಿದರು. ಬೆರಳಾಡಿಸಿದೆ. 'ಗಾ' ಸಿಕ್ಕಿತು. ತಂದೆ ಉಳಿಯಿಂದ ಕೊರೆದದ್ದು. ಅವರು ಶಾಲೆಗೆ ಹೋದವರಲ್ಲ, ಅಕ್ಷರ ಕಲಿಸಿದವರು ತಾಯಿ. ನನ್ನ ಕಣ್ಣು ತುಂಬಿ ಬಂತು.

ಹನ್ನೆರಡರ ಸುಮಾರಿಗೆ ಯೆಜ್ಡಿಯ ಸರದಿ ಬಂತು. ಸಂಗನಬಸವ ಮೈಕಿನಲ್ಲಿ ಕಾರ್ಡು ಓದಿದರು. ಈ ವಾಹನವು ಒಂದು ದೊಡ್ಡ ದೇಸಾಯಿ ಮನೆತನದ ವಾಡೆಯಿಂದ ಬಂದಿದ್ದು, ದೇಸಾಯರು ಇದರ ಮೇಲೆಯೇ ಬೇಟೆಗೆ ಹೋಗುತ್ತಿದ್ದರು, ಬಲಗಡೆ ಅವರು ಬಂದೂಕು ಸಿಕ್ಕಿಸುತ್ತಿದ್ದ ಕೊಕ್ಕೆಯನ್ನು ಇಂದಿಗೂ ಕಾಣಬಹುದು ಎಂದು ಅದರಲ್ಲಿತ್ತು. ಯಾವ ಊರಿನ ದೇಸಾಯರು ಎಂದು ಇರಲಿಲ್ಲ. ಅವರಿಗೆ ಹೆಸರೂ ಇರಲಿಲ್ಲ. ಮೊದಲು ನನಗೆ ನಗು ಬಂತು. ಆ ಗಾಡಿ ಮೈಸೂರಿನ ಕಾರ್ಖಾನೆಯಿಂದ ಹೊರಬೀಳುವಷ್ಟರಲ್ಲಿ ಬೇಟೆ ನಿಷೇಧದ ಕಾಯಿದೆ ಬಂದು ವರ್ಷಗಳಾಗಿದ್ದವು. ಕಾರ್ಡಿನ ಮಾತು ನಿಜವಾದರೆ ಠಾಣೆಗೆ ಮೊದಲು ಕರೆಸಬೇಕಾದದ್ದು ಆ ದೇಸಾಯರನ್ನೇ.

ಸವಾಲು ಏರತೊಡಗಿತು. ಸಿಂಧನೂರಿನಲ್ಲಿ ಅಕ್ಕಿ ಗಿರಣಿ ಇಟ್ಟಿರುವ ಸಿದ್ದಲಿಂಗೇಶ ಎಂಬುವರು ಎಲ್ಲರಿಗಿಂತ ಮೇಲೆ ಕೂಗಿದರು. ನಾನು ಎದ್ದು ನಿಂತು, ಅದು ಬಂದೂಕಿನ ಕೊಕ್ಕೆಯಲ್ಲ, ನನ್ನ ತಾಯಿಯ ಹೆರಿಗೆ ಚೀಲದ ಕೊಕ್ಕೆ, ಗಾಡಿ ಹಟ್ಟಿಯ ಗಣಿ ಕಾರ್ಮಿಕನದು ಎಂದು ಹೇಳಿದೆ. ಪತಿಯವರು ನನ್ನ ಸೆರಗು ಹಿಡಿದು ಕೂರಿಸಲು ನೋಡಿದರು. ಅಡಿಯಲ್ಲಿ ಅಕ್ಷರವಿದೆ, ನೋಡಿ ಎಂದೆ. ಸಂಗನಬಸವ ಬಗ್ಗಿ ನೋಡಿ, "ಹೌದಲ್ರಿ, ಗ ಐತಿ. ಗ ಅಂದ್ರ ಗನ್! ನೀವ ಸಾಕ್ಷಿ ಕೊಟ್ಟಂಗಾತು ಟೀಚರ್ರ" ಎಂಬುದಾಗಿ ಮೈಕಿನಲ್ಲೇ ಅಂದರು. ಸಭೆಯೆಲ್ಲ ನಕ್ಕಿತು. ಇಪ್ಪತ್ತೆರಡು ವರ್ಷದಿಂದ ಕಾಗುಣಿತ ಕಲಿಸುತ್ತಿದ್ದೇನೆ. ಅಲ್ಲಿರುವುದು ಗ ಅಲ್ಲ, ಗಾ, ದೀರ್ಘ ಇದೆ, ಗನ್ನಿಗೆ ದೀರ್ಘ ಬರುವುದಿಲ್ಲ, ಗಾಳೆಮ್ಮನಿಗೆ ಬರುತ್ತದೆ ಎಂದು ಗಟ್ಟಿಯಾಗಿ ಹೇಳಿದೆ.

ನಗು ನಿಂತಿತು. ಅಷ್ಟರಲ್ಲಿ ಹಿಂದಿನ ಸಾಲಿನಿಂದ ಯಾರೋ, "ನರ್ಸಬಾಯಿ ಗಾಡಿ ಅಂದ್ರ ರೇಟ್ ಇಳೀತು ಬಿಡ್ರಿ" ಎಂದರು. ಯಾರೆಂದು ನೋಡಲಿಲ್ಲ. ಸಿದ್ದಲಿಂಗೇಶರು ಎತ್ತಿದ ಕೈ ಇಳಿಸಿದರು. ನನ್ನ ಮೈ ಉರಿದುಹೋಯಿತು. ಹೆಸರಿಲ್ಲದ ದೇಸಾಯರು ಕುಳಿತರೆ ಗಾಡಿಗೆ ಬೆಲೆ, ಮಳೆಗಾಳಿ ಎನ್ನದೆ ಹೋದ ನನ್ನವ್ವ ಕುಳಿತರೆ ಬೆಲೆ ಇಲ್ಲ. ನಾನು ವೇದಿಕೆಯ ಬಳಿ ಹೋಗಿ, ಸೀರೆಯ ನೆರಿಗೆ ಸೊಂಟಕ್ಕೆ ಸಿಕ್ಕಿಸಿ, ಯೆಜ್ಡಿ ಹತ್ತಿ ಕುಳಿತೆ. ಕಾರ್ಡು ತಿದ್ದುವವರೆಗೆ ಇಳಿಯುವುದಿಲ್ಲ ಎಂದೆ. ಕಾರ್ಡಿಗೆ ಕೈ ಹಾಕಿದೆ, ಅವರೂ ಹಾಕಿದರು, ಹರಿಯಿತು. ಯಾರಿಗೂ ಬೈದಿಲ್ಲ, ಹೊಡೆದಿಲ್ಲ. ಪೊಲೀಸರು ಬಂದು ವಾಹನವನ್ನೂ ನನ್ನನ್ನೂ ಇಲ್ಲಿಗೆ ತಂದರು. ನನ್ನ ಪತಿ ರೇಡಿಯೋ ಬಿಟ್ಟು ಹಿಂದೆಯೇ ಆಟೋದಲ್ಲಿ ಬಂದರು.

ಠಾಣೆಯಲ್ಲಿ ಸಂಗನಬಸವ ರಾಜಿಗೆ ಬಂದರು. "ನಿಮ್ಮ ನೌಕರಿಗೆ ಯಾಕ ಕಲ್ಲು ಹಾಕ್ಕೊಂತೀರಿ? ತಪ್ಪು ತಿಳಕೊಂಡು ಹಂಗಂದೆ ಅಂತ ಎರಡು ಸಾಲು ಬರೀರಿ, ನಾ ದೂರು ವಾಪಸ್ ತಗೋತೀನಿ" ಎಂಬುದಾಗಿ ತಿಳಿಸಿದರು. ಒಳ್ಳೆಯ ಮಾತಿನಲ್ಲೇ ಹೇಳಿದರು, ಸುಳ್ಳು ಹೇಳಲಾರೆ. ನನ್ನ ಹೆಸರು ಈ ಸಲದ ಮುಖ್ಯೋಪಾಧ್ಯಾಯರ ಬಡ್ತಿ ಪಟ್ಟಿಯಲ್ಲಿದೆ. ಸರ್ಕಾರಿ ನೌಕರಳ ಮೇಲೆ ಕೇಸಾದರೆ ಏನಾಗುತ್ತದೆ ಎಂಬುದು ನನಗೆ ಗೊತ್ತಿಲ್ಲದ ಪಾಠವಲ್ಲ. ಪತಿಯವರ ಮುಖ ನೋಡಿದೆ. ಅವರು, "ಅತ್ತಿಯವರಿಗೆ ಫೋನ್ ಮಾಡೀನಿ, ಬರಾಕತ್ತಾರ" ಎಂದಷ್ಟೇ ಅಂದರು. ಆ ಎರಡು ಸಾಲು ಬರೆದರೆ ಗಾಡಿ ಕಾಯಂ ದೇಸಾಯರದಾಗುತ್ತದೆ, ಬರೆಯುವುದಿಲ್ಲ ಎಂದು ಹೇಳಿದೆ.

ಮಧ್ಯಾಹ್ನ ಮೂರಕ್ಕೆ ನನ್ನ ತಾಯಿ ಮಸ್ಕಿಯಿಂದ ಬಂದರು. ನನ್ನನ್ನು ನೋಡುವ ಮೊದಲೇ ಅಂಗಳದಲ್ಲಿದ್ದ ಗಾಡಿಯ ಕಡೆ ಹೋದರು. ತಮ್ಮ ಆ ಹಳೆಯ ಖಾಕಿ ಚೀಲವನ್ನು ತಂದಿದ್ದರು. ಅದನ್ನು ಕೊಕ್ಕೆಗೆ ಹಾಕಿದರು. ಚೀಲದ ಹಿಡಿ ಸರಿಯಾಗಿ ಹೋಗಿ ಕುಳಿತಿತು, ಒಂದಿಷ್ಟೂ ಅಲ್ಲಾಡಲಿಲ್ಲ. ಇದನ್ನು ಸಬ್ ಇನ್ಸ್‌ಪೆಕ್ಟರ್ ಸಾಹೇಬರೂ ಕಿಟಕಿಯಿಂದ ನೋಡಿದ್ದಾರೆ. ಅವರು ಹೊರಗೆ ಹೋಗಿ ಬಂದೂಕಿನ ವಿಚಾರ ಕೇಳಿದ್ದಕ್ಕೆ ನನ್ನ ತಾಯಿ, "ಬಂದೂಕಂತ? ಆನ್ವರಿ ದಾರ್ಯಾಗ ಇದಕ್ಕ ಬಂದೂಕು ಸಿಗಿಸಿದ್ರ ಮೊದಲನೇ ತೆಗ್ಗಿಗೇ ಹಾರಿ ನನ್ನ ಕಾಲಿಗೇ ಬಡೀತಿತ್ತು" ಎಂಬುದಾಗಿ ಉತ್ತರಿಸಿದರು. ಸಾಹೇಬರು ನಕ್ಕರು. ಸಂಗನಬಸವ ನಗಲಿಲ್ಲ, ಆದರೆ ಕುರ್ಚಿ ತಂದು ತಾಯಿಗೆ ಹಾಕಿಕೊಟ್ಟರು.

ನಾಲ್ಕು ಗಂಟೆಗೆ, ನಾನು ಈ ಹೇಳಿಕೆ ಬರೆಸುತ್ತಿರುವಾಗ, ಸಿದ್ದಲಿಂಗೇಶರು ಬಂದರು. ಅವರ ತಾಯಿ ಶೇಖರಮ್ಮನವರ ತವರು ಆನ್ವರಿಯಂತೆ, ಚೊಚ್ಚಲ ಹೆರಿಗೆಗೆ ಅಲ್ಲಿಗೇ ಹೋಗಿದ್ದರಂತೆ. ಇದೇನು ದೊಡ್ಡ ಆಶ್ಚರ್ಯವಲ್ಲ. ಆ ಸುತ್ತಿನಲ್ಲಿ ನಲವತ್ತರ ಆಚೀಚಿನವರನ್ನು ಕೇಳಿದರೆ ನಾಲ್ವರಲ್ಲಿ ಒಬ್ಬರು ನನ್ನ ತಾಯಿಯ ಕೈಯಲ್ಲಿ ಹುಟ್ಟಿದವರೇ. ಊಟಕ್ಕೆ ಮನೆಗೆ ಹೋದ ಸಿದ್ದಲಿಂಗೇಶರು ಹರಾಜಿನ ಸುದ್ದಿ ಹೇಳಿದಾಗ ಶೇಖರಮ್ಮನವರು, "ಲೇ ಸಿದ್ದ, ಹಳ್ಳ ತುಂಬಿದ್ದಾಗ ಆಕಿ ಗಾಡಿ ಬರಲಿಲ್ಲಂದ್ರ ನೀನೂ ಇಲ್ಲ, ನಾನೂ ಇಲ್ಲ. ನಿನ್ನ ಹೊಕ್ಕಳ ಕೊಯ್ದಾಕಿ ಗಾಳೆಮ್ಮ, ದೇಸಾಯಿ ಅಲ್ಲ" ಎಂದು ಬೈದರಂತೆ. ಹೆರಿಗೆಯಾದ ಮೇಲೆ ಆಕೆಯನ್ನು ಹಿತ್ತಲಲ್ಲಿ ಕೂರಿಸಿ ಚಹಾ ಕೊಟ್ಟೆವು, ಅದು ಇವತ್ತಿಗೂ ಚುಚ್ಚುತ್ತದೆ ಎಂದೂ ಹೇಳಿದರಂತೆ. ಆ ಹಿತ್ತಲಿನ ಸಂಗತಿ ನನಗೆ ಗೊತ್ತಿರಲಿಲ್ಲ. ಗಾಡಿಯ ಸದ್ದು ಕೇಳಿದರೆ ಹಳ್ಳಿಯವರು ಮುಂಬಾಗಿಲು ತೆಗೆದು ಕಾಯುತ್ತಿದ್ದರು ಎಂದಷ್ಟೇ ನನ್ನ ತಾಯಿ ನಮಗೆ ಹೇಳುತ್ತಿದ್ದರು. ಇಷ್ಟು ವರ್ಷ ಹಾಗೆಂದೇ ನಂಬಿದ್ದೆ.

ಸಿದ್ದಲಿಂಗೇಶರು ಸಂಗನಬಸವರಿಗೆ, ಗಾಡಿ ತನಗೇ ಬೇಕು, ಬೆಳಿಗ್ಗೆ ಕೂಗಿದ ಸವಾಲೇ ಕಾಯಂ, ಆದರೆ ಕಾರ್ಡು ಹೊಸದು ಬರೆಯಬೇಕು ಎಂದು ತಿಳಿಸಿದರು. ಸಂಗನಬಸವ ಒಪ್ಪಿ, ದೂರು ವಾಪಸ್ ಪಡೆಯುವುದಾಗಿ ಹೇಳಿದ್ದಾರೆ. ಪಡೆಯಲಿ ಬಿಡಲಿ, ನನ್ನ ಹೇಳಿಕೆ ಇದೇ.

ಒಂದು ಕೋರಿಕೆಯಿದೆ. ವಾಹನ ತಂದಾಗ ಬರೆದ ಪಂಚನಾಮೆಯಲ್ಲಿ, ಹರಿದ ಕಾರ್ಡನ್ನು ನೋಡಿ, "ಬಲಮಗ್ಗುಲಿಗೆ ಬಂದೂಕಿನ ಕೊಕ್ಕೆ ಇರುವ ಕೆಂಪು ಮೋಟಾರ್ ಸೈಕಲ್" ಎಂದು ನಮೂದಾಗಿದೆ. ಕಾರ್ಡು ಹರಿಯಬಹುದು, ಪೊಲೀಸ್ ಕಾಗದ ಉಳಿಯುತ್ತದೆ. ಅದನ್ನು ತಿದ್ದದೆ ನಾನು ಸಹಿ ಮಾಡುವುದಿಲ್ಲ ಎಂದೆ. ಸಾಹೇಬರು ಒಪ್ಪಿ ತಿದ್ದಲು ಹೇಳಿದರು. ಬರೆಯುವವರು ಹಳೆಯ ಸಾಲು ಹೊಡೆದು, "ನರ್ಸ್ ಗಳೆಮ್ಮ ಇವರ ಹೆರಿಗೆ ಚೀಲದ ಕೊಕ್ಕೆ" ಎಂದು ಬರೆದರು. ಓದಿ ನೋಡಿ, ಪೆನ್ನು ತೆಗೆದುಕೊಳ್ಳದೆ, ಕಾಗದ ಅವರಿಗೇ ಹಿಂದಿರುಗಿಸಿ, ದೀರ್ಘ ಹಾಕಿಸಿದ್ದೇನೆ.

ಇಷ್ಟು ನಾನೇ ಹೇಳಿ ಬರೆಸಿದ್ದು, ಓದಿಸಿ ಕೇಳಿದ್ದೇನೆ, ಒಂದಕ್ಷರವೂ ಸುಳ್ಳಿಲ್ಲ.

ಸ್ಥಳ: ಸಿಂಧನೂರು
ದಿನಾಂಕ: 16-11-2025

ಸಹಿ: ಪದ್ಮಾವತಿ, ಗಾಳೆಮ್ಮನ ಮಗಳು