ಜಾಜಿಯೋ ಹೀರೆಯೋ

ರಾಮದುರ್ಗದ ಬಸ್ ನಿಲ್ದಾಣದಲ್ಲಿ ಸುರೇಬಾನದ ಬಸ್ಸಿಗೆ ಕಾಯುತ್ತಿದ್ದ ವರದಾಳ ಪಕ್ಕದಲ್ಲಿ ಅತ್ತೆ-ಸೊಸೆ ಇಬ್ಬರು ಬಂದು ಕುಳಿತರು. ಅತ್ತೆಯ ಮಡಿಲಲ್ಲಿ ನರ್ಸರಿಯಿಂದ ತಂದ ಜಾಜಿಯ ಬಳ್ಳಿಯಿತ್ತು. ಸೊಸೆ ಅದರ ಕಡೆ ನೋಡಲೂ ಹಿಂಜರಿಯುತ್ತಿದ್ದಳು.

“ಅತ್ತಿ, ಬಸ್ ಇನ್ನೂ ಬಂದಿಲ್ಲ. ಇದನ್ನ ತಿರುಗಿ ಕೊಟ್ಟು ಹೀರಿಬಳ್ಳಿ ತರೂಣ್ರಿ. ಪಲ್ಯಾಕರೆ ಆಗತೈತಿ.”

“ಹೀರಿಕಾಯಿ ಸಂತ್ಯಾಗ ಸಿಗತಾವ, ರಂಜನಾ.”

“ಹೂವೂ ಸಿಗತಾವ್ರಿ.”

“ಸಿಗತಾವ. ನೀ ತರೂದಿಲ್ಲಲಾ.”

ರಂಜನಾ ಸೆರಗು ಎಳೆದುಕೊಂಡಳು. “ನಿಮ್ಮ ಮಗಾ ಹೋಗಿ ಇನ್ನೂ ವರ್ಷ ಆಗಿಲ್ಲ. ನಾ ಹೂವ ಮುಡಕೊಂಡ್ರ ಮಂದಿ ಏನಂತಾರ?”

“ನಾ ನಿನ್ನ ವಯಸ್ಸಿನ್ಯಾಗ ಇದ್ದಾಗನ ನಿಮ್ಮ ಮಾವ ಹೋದ್ರು. ಅವತ್ತಿಂದ ನಾ ಹೂವ ಮುಟ್ಟಲಿಲ್ಲ. ಮಂದಿ ಮಾತು ಕೇಳಿದೆ. ಯಾವಾಕಿ ಬಂದು ‘ಭಾಳ ಛಲೋ ಮಾಡಿದಿ, ಬಾಯವ್ವಾ’ ಅಂದ್ಲು?”

ವರದಾ ತನಗರಿವಿಲ್ಲದೆಯೇ ತನ್ನ ಮುಡಿಯ ಹೂವನ್ನು ಮುಟ್ಟಿಕೊಂಡಳು.

ಸೊಸೆ ಈಗ ಬಳ್ಳಿಯ ಕಡೆ ನೋಡಿದಳು. ಆಮೇಲೆ ಮೆಲ್ಲಗೆ ಹೇಳಿದಳು. “ಹಂಗಾರ ಹಿತ್ತಲದಾಗ ಹಚ್ಚೂಣ್ರಿ.”

“ಹಿತ್ತಲದಾಗ ಬ್ಯಾಡ. ತಲಬಾಗಿಲ ಮುಂದ ಹಚ್ಚೂಣು, ಓಣಿಗೆಲ್ಲಾ ಕಾಣ್ಲಿ. ನಿನ್ನ ಮೈದುನಗ ಹೇಳಿ ಹಂದರ ಹಾಕಸ್ತೇನಿ.”

ಅವರು ಕಾಯುತ್ತಿದ್ದ ಸವದತ್ತಿಯ ಬಸ್ಸು ಬಂತು. ಜನ ಬಾಗಿಲಿಗೆ ಮುಗಿಬಿದ್ದರು. ರಂಜನಾ ಎದ್ದು ಅತ್ತೆಯ ಮಡಿಲಿಂದ ಬಳ್ಳಿಯನ್ನು ಎತ್ತಿಕೊಂಡು ಎದೆಗೆ ಆನಿಸಿಕೊಂಡಳು.

“ಅವನ್ನ ಯಾಕ ಕರೀತೀರಿ? ಹಂದರ ನಾನ ಹಾಕತೇನಿ, ಏಳ್ರಿ” ಎಂದವಳೇ ಗದ್ದಲದಲ್ಲಿ ದಾರಿ ಮಾಡಿಕೊಂಡು ಮುಂದೆ ನಡೆದಳು.